ಸಣ್ಣೀರಪ್ಪ ಬೆರಣಿ ಉಳಿಸಿದ ಕಥೆ

ಎಲ್ಲಿ, ಹೇಳಿ ನೋಡೋಣ. ಚಳಿಗಾಲ. ಬಿಸಿಲು ಇನ್ನೂ ಎಳೆಯದು. ಕೆರೆ ಏರಿಯ ಮೇಲೆ ಒಬ್ಬ ಮನುಷ್ಯ ಓಡಿ ಬರುತ್ತಿದ್ದಾನೆ. ಮೈಮೇಲೆ ಲಂಗೋಟಿ ಬಿಟ್ಟರೆ ಒಂದೆಳೆ ನೂಲಿಲ್ಲ. ಎರಡೂ ಕೈಯಲ್ಲಿ ಹೊಗೆಯಾಡುವ ಮಡಕೆ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಏನಾಗಿತ್ತು ಅವನಿಗೆ?

ಹುಚ್ಚು ಅಂದಿರಾ? ಅಲ್ಲ. ಹರಕೆ? ಅದೂ ಅಲ್ಲ. ಕಳ್ಳರು ಬಟ್ಟೆ ಕಿತ್ತುಕೊಂಡರು ಅಂತ ಆ ಮೂಲೆಯಿಂದ ಯಾರೋ ಹೇಳಿದಿರಿ. ಜಾಣತನದ ಮಾತೇ, ಆದರೂ ಅಲ್ಲ. ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ. ಸ್ವಲ್ಪ ಹತ್ತಿರ ಬನ್ನಿ, ಕಾಲು ಮಡಿಸಿ ಕೂತುಕೊಳ್ಳಿ. ಹೇಳುವವನಿಗೆ ಹೊತ್ತು ಬೇಕಾದಷ್ಟಿದೆ.

ಕಡ್ಡಿಪೆಟ್ಟಿಗೆ ಇನ್ನೂ ಹುಟ್ಟಿರದ ಕಾಲ. ಯಾವ ರಾಜನ ಸೀಮೆ ಅಂತ ಕೇಳಬೇಡಿ. ಅಂಥದ್ದೊಂದು ಊರಿದೆ ಅಂತ ಆ ರಾಜನಿಗೇ ಗೊತ್ತಿರಲಿಲ್ಲ. ಊರು ಅಂದರೆ ಎಷ್ಟು ದೊಡ್ಡದು? ಐದು ಮನೆ. ಒಂದು ಕೆರೆ, ಕೆರೆಯಲ್ಲಿ ಜೊಂಡು, ಜೊಂಡಿನಿಂದ ಚಾಪೆ ಹೆಣೆಯುವ ಐದು ಮನೆ. ಅಷ್ಟೇ.

ಆ ಊರಿನವರಿಗೆ ಒಂದು ಹೆಮ್ಮೆ ಇತ್ತು. ಏನು ಹೇಳಿ? ಚಿನ್ನವಾ? ಅವರ ಕಿವಿಯಲ್ಲಿ ಇದ್ದದ್ದು ಬೆಂಡಿನ ಓಲೆ. ಗುಡಿಯಾ? ಅವರ ದೇವರಿಗೆ ಚಾವಣಿಯೇ ಇರಲಿಲ್ಲ. ಅವರ ಹೆಮ್ಮೆ ಬೆಂಕಿ! ಮೊದಲು ಅಲ್ಲಿಗೆ ಬಂದು ನೆಲೆಸಿದ ಮುತ್ತಜ್ಜ ಹಳೇ ಊರಿನಿಂದ ಒಂದು ಮಡಕೆಯಲ್ಲಿ ಕೆಂಡ ತಂದಿದ್ದನಂತೆ. ಆವತ್ತಿನಿಂದ ಆ ಬೆಂಕಿ ಆರಿಲ್ಲ. ಪ್ರತಿ ರಾತ್ರಿ ಪ್ರತಿ ಮನೆಯಲ್ಲೂ ಊಟ ಆದ ಮೇಲೆ ಹೆಂಗಸರು ಒಲೆಯೊಳಗಿನ ಕೆಂಡವನ್ನು ಒಂದೆಡೆ ಕೂಡಿಸಿ, ಅದರ ಮೇಲೊಂದು ಬೆರಣಿ ಇಟ್ಟು, ಬೂದಿ ಮುಚ್ಚಿ ಮಲಗುತ್ತಿದ್ದರು. ಬೆರಣಿ ರಾತ್ರಿಯೆಲ್ಲ ಒಳಗೊಳಗೇ ಉರಿದು ಕೆಂಡ ಕಾಯುತ್ತಿತ್ತು. ಬೆಳಗ್ಗೆ ಬೂದಿ ಕೆದಕಿದರೆ ಕೆಂಪಗೆ ಕಣ್ಣು ಬಿಡುತ್ತಿತ್ತು. ಚಕಮಕಿ ಕಲ್ಲು ಕುಟ್ಟಿ ಬೆಂಕಿ ಮಾಡುವ ವಿದ್ಯೆ ಅವರಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಆರದ ಬೆಂಕಿ ಮನೆಯಲ್ಲೇ ಇರುವವರಿಗೆ ಆ ವಿದ್ಯೆ ಯಾಕೆ ಬೇಕು?

ಈಗ ನಮ್ಮವನು ಬರಲಿ. ಹೆಸರು ಸಣ್ಣೀರಪ್ಪ. ಹೆಂಡತಿ ನಿಂಗಾಜಮ್ಮ.

ಸಣ್ಣೀರಪ್ಪನನ್ನು ಜುಗ್ಗ ಅನ್ನಬೇಡಿ, ನನಗೆ ಬೇಜಾರಾಗುತ್ತೆ. ಜುಗ್ಗ ತಾನೂ ತಿನ್ನುವುದಿಲ್ಲ, ಇನ್ನೊಬ್ಬರಿಗೂ ಕೊಡುವುದಿಲ್ಲ. ಇವನು ಹಾಗಲ್ಲ. ಯಾವುದೂ ಹಾಳಾಗಬಾರದು, ಅಷ್ಟೇ ಅವನ ಆಸೆ. ಹೀರೇಕಾಯಿ ತಂದರೆ ತಿರುಳಿನಿಂದ ಪಲ್ಯ, ಸಿಪ್ಪೆಯಿಂದ ಚಟ್ನಿ. ಬಲಿತು ನಾರಾದದ್ದನ್ನು ಒಣಗಿಸಿ ಮೈ ಉಜ್ಜಲು. ಮಾವಿನ ಹಣ್ಣು ತಿಂದರೆ ಗೊರಟು ಸಾರಿಗೆ. ಅಕ್ಕಿ ತೊಳೆದ ನೀರು ಮೊದಲು ಪಾತ್ರೆಗೆ, ಆಮೇಲೆ ಎಮ್ಮೆಗೆ. ಚಾಪೆಯ ಅಂಚು ಕತ್ತರಿಸಿದ ತುಂಡಿನಿಂದ ಪೊರಕೆ. ಪೊರಕೆ ಸವೆದರೆ ಅದೇ ಮೋಟು ತಿಕ್ಕುವ ಕುಂಚ. ಅದೂ ಸವೆದರೆ ಒಲೆಗೆ. ಒಲೆಯ ಬೂದಿ? ಪಾತ್ರೆ ಬೆಳಗಲು! ಆ ಮನೆಯಿಂದ ಹೊರಗೆ ಬೀಳುತ್ತಿದ್ದ ಕಸವನ್ನು ಕೋಳಿ ಕೆದಕಿ, ಏನೂ ಸಿಗದೆ, ಬೈದುಕೊಂಡು ಮುಂದೆ ಹೋಗುತ್ತಿತ್ತಂತೆ.

ಒಂದು ದಿನ ನಿಂಗಾಜಮ್ಮ ಕೇಳಿದಳು:

"ಏನ್ರೀ, ಒಗ್ಗರಣೆ ಸಿಡಿದು ಗೋಡೆಗೆ ಅಂಟಿದ ಸಾಸಿವೆ ಆರಿಸಿ ತಂದಿದ್ದೀರಲ್ಲ, ಇದನ್ನೇನು ಮಾಡಲಿ?"

"ನಾಳೆ ಒಗ್ಗರಣೆಗೆ ಹಾಕು."

"ಇದು ಆಗಲೇ ಸಿಡಿದಿದೆ."

"ಹಾಗಾದರೆ ಇನ್ನೂ ಒಳ್ಳೇದು. ನಾಳೆ ಸಿಡಿಯೋ ಭಯ ಇಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನೂ ನಕ್ಕ. ಆ ಮನೆಯಲ್ಲಿ ಒಂದು ವಸ್ತುವಿಗೆ ಮಾತ್ರ ಹಿಡಿತ ಇರಲಿಲ್ಲ, ನಗುವಿಗೆ.

ಒಂದೇ ಒಂದು ಕೊರತೆ ಇತ್ತು. ಮದುವೆಯಾಗಿ ವರ್ಷಗಳು ಉರುಳಿದ್ದವು, ತೊಟ್ಟಿಲು ಕಟ್ಟಿರಲಿಲ್ಲ. ಇಬ್ಬರೂ ಅದರ ಮಾತು ಎತ್ತುವುದನ್ನೇ ಬಿಟ್ಟಿದ್ದರು. ಹೀಗಿರುವಾಗ, ಕೇಳಿ, ಒಂದು ಬೆಳಗ್ಗೆ ನಿಂಗಾಜಮ್ಮ ಹುಣಿಸೇಕಾಯಿ ಬೇಕು ಅಂದಳು. ಮಾರನೇ ದಿನ ಕೆರೆಯ ಹಸಿ ಮಣ್ಣಿನ ವಾಸನೆ ಬೇಕು ಅಂದಳು. ಮೂರನೇ ದಿನ ಏನೂ ಬೇಡ, ಸುಮ್ಮನೆ ಅಳಬೇಕು ಅಂದಳು.

ಸಣ್ಣೀರಪ್ಪ ಸಾತಜ್ಜಿಯ ಮನೆಗೆ ಓಡಿದ. ಸಾತಜ್ಜಿ ಅಂದರೆ ಬೀದಿಯ ಕೊನೆಯ ಮನೆಯ ಒಂಟಿ ಮುದುಕಿ, ಊರಿನ ಸೂಲಗಿತ್ತಿ. ಅಜ್ಜಿ ಬಂದು ನಿಂಗಾಜಮ್ಮನ ಕೈ ಹಿಡಿದಳು, ಕಣ್ಣು ನೋಡಿದಳು, ನಕ್ಕಳು.

"ಲೋ ಸಣ್ಣ, ಇಷ್ಟು ದಿನ ಎಲ್ಲಾ ಉಳಿಸಿದೆಯಲ್ಲ, ಇನ್ನು ಖರ್ಚು ಮಾಡೋಕೆ ಒಬ್ಬರು ಬರ್ತಾ ಇದ್ದಾರೆ."

ಅವನು ನಿಂಗಾಜಮ್ಮನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. ಆಮೇಲೆ ಕೇಳಿದ: "ಏನೇನು ಬೇಕಜ್ಜೀ?"

"ಹೆಚ್ಚೇನಿಲ್ಲ. ಬಿಸಿನೀರು. ಬಾಣಂತಿಗೆ ದಿನಾ ಹಂಡೆ ಹಂಡೆ ಬಿಸಿನೀರು. ಕೂಸಿಗೆ ಬಿಸಿನೀರು. ಮಂಚದ ಕೆಳಗೆ ಅಗ್ಗಿಷ್ಟಿಕೆ. ಅದೂ ಚಳಿಗಾಲದಲ್ಲಿ ಬರೋ ಕೂಸು! ಬೆರಣಿ ಕೂಡಿಡು ಮಗಾ, ಎಷ್ಟಿದ್ದರೂ ಸಾಲದು."

ಆಯಿತಲ್ಲ? ಕೂಡಿಡು ಅನ್ನುವ ಮಾತನ್ನು ಯಾರಿಗೆ ಹೇಳಿದ್ದಾಳೆ ನೋಡಿ. ಇರುವ ಒಂದು ಎಮ್ಮೆಯ ಹಿಂದೆ ಅವನು ಬುಟ್ಟಿ ಹಿಡಿದು ನಡೆದ. ಹಿತ್ತಲ ಗೋಡೆ ತುಂಬ ಬೆರಣಿ ತಟ್ಟಿದ. ಒಣಗಿದ್ದನ್ನು ಹಿತ್ತಲಲ್ಲಿ ಒಟ್ಟಿದ. ಆದರೂ ಸಾಲದು ಅನ್ನಿಸಿತು. ಒಂದು ರಾತ್ರಿ ನಿಂಗಾಜಮ್ಮ ಕೆಂಡ ಮುಚ್ಚಲು ಬೆರಣಿ ಎತ್ತಿಕೊಂಡಾಗ ಅವನ ತಲೆಯಲ್ಲಿ ಏನೋ ಹೊಳೆಯಿತು.

"ತಡಿ ನಿಂಗಾಜಿ. ಇದು ಯಾಕೆ?"

"ಯಾಕೆ ಅಂದರೆ? ಬೆಳಗ್ಗೆ ಬೆಂಕಿ ಬೇಡವಾ?"

"ಪಕ್ಕದ ಪುಟ್ಟಮಾದಣ್ಣನ ಮನೇಲಿ ಇರುತ್ತಲ್ಲ! ಬೆಳಗ್ಗೆ ಚಿಪ್ಪು ತಗೊಂಡು ಹೋಗಿ ಒಂದು ಕೆಂಡ ತಂದರೆ ಆಯಿತು. ದಿನಕ್ಕೊಂದು ಬೆರಣಿ ಉಳಿಯುತ್ತೆ. ಅಷ್ಟೂ ನಮ್ಮ ಕೂಸಿನ ಬಿಸಿನೀರಿಗೆ!"

ನಿಂಗಾಜಮ್ಮ ಒಂದು ಗಳಿಗೆ ಯೋಚಿಸಿದಳು. ಮುತ್ತಜ್ಜನ ಬೆಂಕಿ, ಆರಿಸುವುದು ಸರಿಯೇ? ಆದರೆ ಗಂಡನ ಮುಖ ಹಂಡೆಯ ಹಾಗೆ ಹೊಳೆಯುತ್ತಿತ್ತು. "ನಿಮ್ಮಿಷ್ಟ" ಅಂದು ಬೆರಣಿಯನ್ನು ಒಟ್ಟಿಲಿಗೆ ಸೇರಿಸಿದಳು.

ಅಲ್ಲಿಗೆ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಉಳಿತಾಯ ಮಾಡುವವರಿಗೆ ಒಂದು ಕಾಯಿಲೆ ಇರುತ್ತೆ ನೋಡಿ. ಉಳಿಸಿದ್ದನ್ನು ಯಾರಿಗಾದರೂ ಹೇಳದಿದ್ದರೆ ಊಟ ಸೇರುವುದಿಲ್ಲ. ನೀವು ನಗುತ್ತಿದ್ದೀರಿ, ನಿಮ್ಮ ಮನೆಯಲ್ಲೂ ಒಬ್ಬರಿದ್ದಾರೆ ಅಂತಾಯಿತು.

ಸಣ್ಣೀರಪ್ಪ ಬೆಳಗ್ಗೆ ಎದ್ದ, ತೆಂಗಿನ ಚಿಪ್ಪು ಹಿಡಿದ, ಪುಟ್ಟಮಾದನ ಮನೆಗೆ ಹೋದ. ಕೆಂಡ ತಂದ. ಮಾರನೇ ದಿನ ಹೋದ, ತಂದ. ಆಮೇಲೆ ಅವನಿಗೆ ಸಂಕೋಚವಾಯಿತು. ದಿನಾ ಇಸಿದುಕೊಳ್ಳುತ್ತೇನೆ, ಬದಲಿಗೆ ಏನಾದರೂ ಕೊಡಬೇಕಲ್ಲ? ಖರ್ಚಿಲ್ಲದೆ ಕೊಡಬಹುದಾದ್ದು ಏನಿದೆ? ಬುದ್ಧಿ! ಪುಟ್ಟಮಾದನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ:

"ಪುಟ್ಟಮಾದಣ್ಣ, ನಿನಗೆ ಮಾತ್ರ ಹೇಳ್ತೀನಿ. ರಾತ್ರಿ ಬೆರಣಿ ದಂಡ ಮಾಡಬೇಡ. ಒಲೆ ಆರಿಸಿ ಮಲಗು. ಬೆಳಗ್ಗೆ ಯಾರ ಮನೆಯಿಂದಲಾದರೂ ಒಂದು ಕೆಂಡ ತಂದುಕೊ. ಯಾರಿಗೂ ಹೇಳಬೇಡ ಮತ್ತೆ."

ಪುಟ್ಟಮಾದ ಕಣ್ಣರಳಿಸಿ ಅಂದ: "ಅಯ್ಯೋ, ಇಷ್ಟು ದಿನ ನನಗೆ ಹೊಳೀಲೇ ಇಲ್ವಲ್ಲ!"

ಆ ಮನೆಯ ಬೆಂಕಿ ಆರಿತು. ಸಣ್ಣೀರಪ್ಪ ಚಿಪ್ಪು ಹಿಡಿದು ಕೆಂಚಮ್ಮನ ಮನೆಗೆ ಹೋದ. ಕೆಂಡ ತಂದ. ಬದಲಿಗೆ ಏನಾದರೂ ಕೊಡಬೇಕಲ್ಲ?

"ಕೆಂಚಕ್ಕಾ, ನಿನಗೆ ಮಾತ್ರ ಹೇಳ್ತೀನಿ..."

ಆ ಮನೆಯ ಬೆಂಕಿಯೂ ಆರಿತು. ಸಣ್ಣೀರಪ್ಪ ಚಿಪ್ಪು ಹಿಡಿದು ಲಕ್ಕಣ್ಣನ ಮನೆಗೆ ಹೋದ. ಕೆಂಡ ತಂದ. ಬದಲಿಗೆ?

"ಲಕ್ಕಣ್ಣಾ, ನಿನಗೆ ಮಾತ್ರ ಹೇಳ್ತೀನಿ..."

ಕೇಳಿಸುತ್ತಿದೆಯೇ? ಐದು ಮನೆಯಲ್ಲಿ ನಾಲ್ಕು ಹೋದವು. ಉಳಿದದ್ದು ಸಾತಜ್ಜಿಯ ಒಲೆ ಒಂದೇ. ಈಗ ಬೆಳಗ್ಗೆ ಪುಟ್ಟಮಾದ ಅಲ್ಲಿಗೆ ಬರುತ್ತಾನೆ, ಕೆಂಚಮ್ಮ ಬರುತ್ತಾಳೆ, ಲಕ್ಕಣ್ಣ ಬರುತ್ತಾನೆ, ಸಣ್ಣೀರಪ್ಪನೂ ಬರುತ್ತಾನೆ. ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಗುಟ್ಟು ತಾನೇ? ಎಲ್ಲರೂ ಒಬ್ಬೊಬ್ಬರಾಗಿ, ಅತ್ತ ಇತ್ತ ನೋಡಿ, ಚಿಪ್ಪನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಬರುತ್ತಾರೆ. ಅಜ್ಜಿ ಏನು ತಿಳಿದುಕೊಂಡಳು? ಒಂಟಿ ಮುದುಕಿ ಚಳಿಯಲ್ಲಿ ಹೇಗಿದ್ದಾಳೋ ಅಂತ ನೋಡಲು ಬರುತ್ತಾರೆ, ಕೆಂಡ ಒಂದು ನೆಪ ಅಂತ. ಪಾಪ, ಅವಳಿಗೆ ಎಷ್ಟು ಸಂತೋಷ! ಒಬ್ಬೊಬ್ಬರನ್ನೂ ಕೂರಿಸಿ, ಬಿಸಿ ಅಂಬಲಿ ಕೊಟ್ಟು, ಚಿಪ್ಪಿಗೆ ಎರಡು ಕೆಂಡ ಹಾಕಿ ಕಳಿಸುತ್ತಿದ್ದಳು.

ದಿನ ತುಂಬಿಕೊಂಡು ಬಂತು. ಸಣ್ಣೀರಪ್ಪನ ಹಿತ್ತಲಲ್ಲಿ ಬೆರಣಿಯ ಒಟ್ಟಿಲು ಆಳೆತ್ತರ ಬೆಳೆದಿತ್ತು. ಒಂದು ಸಂಜೆ ಅವನು ಅಜ್ಜಿಯ ಹಿತ್ತಲಿಗೆ ಇಣುಕಿ ನೋಡಿದ. ಅಲ್ಲಿ ಬೆರಣಿ ತಳ ಕಂಡಿತ್ತು. ಅವನಿಗೆ ಅಯ್ಯೋ ಅನ್ನಿಸಿತು. ನಾವೆಲ್ಲ ಉಳಿಸುತ್ತಿದ್ದೇವೆ, ಈ ಮುದುಕಿ ಒಬ್ಬಳೇ ಖರ್ಚು ಮಾಡುತ್ತಿದ್ದಾಳಲ್ಲ!

ಏನು ಮಾಡಿರಬಹುದು? ತನ್ನ ಒಟ್ಟಿಲಿನಿಂದ ಒಂದಷ್ಟು ಬೆರಣಿ ಕೊಟ್ಟನೇ? ಛೆ, ಅದು ಕೂಸಿನದು. ಅದಕ್ಕಿಂತ ದೊಡ್ಡದನ್ನು ಕೊಟ್ಟ.

"ಅಜ್ಜೀ, ನಿನಗೆ ಮಾತ್ರ ಹೇಳ್ತೀನಿ. ರಾತ್ರಿ ಬೆರಣಿ ಇಡಬೇಡ. ಒಲೆ ಆರಿಸಿ ಬೆಚ್ಚಗೆ ಮಲಗು. ಬೆಳಗ್ಗೆ ಒಂದು ಕೆಂಡ ಇಸಕೊ."

"ಯಾರ ಮನೆಯಿಂದಲೋ?"

"ಯಾರ ಮನೆಯಿಂದಲಾದರೂ! ಊರಲ್ಲಿ ಇಷ್ಟೊಂದು ಮನೆ ಇಲ್ಲವಾ?"

ನಗಬೇಡಿ, ನಗಬೇಡಿ. ನಾಲ್ಕೂ ಮನೆಯ ಗುಟ್ಟು ಗೊತ್ತಿದ್ದವನು ಇಡೀ ಊರಿನಲ್ಲಿ ಅವನೊಬ್ಬನೇ, ನಿಜ. ಆದರೆ ಆ ಹೊತ್ತಿನಲ್ಲಿ ಅವನ ತಲೆಯೊಳಗೆ ಇದ್ದದ್ದು ಮುದುಕಿಯ ಬೆರಣಿ. ಪ್ರೀತಿ ಉಕ್ಕಿ ಬಂದಾಗ ಯಾರಿಗೆ ಲೆಕ್ಕ ಬರುತ್ತೆ? ಅವನು ಸಮಾಧಾನದಿಂದ ಮನೆಗೆ ಹೋಗಿ ಮಲಗಿದ. ಅಜ್ಜಿ "ಎಷ್ಟು ಒಳ್ಳೇ ಹುಡುಗ" ಅಂದುಕೊಂಡು ಒಲೆ ಆರಿಸಿದಳು.

ಬೆಳಗಾಯಿತು. ಕೆರೆಯ ಮೇಲಿಂದ ಕೊರೆಯುವ ಗಾಳಿ. ನಿಂಗಾಜಮ್ಮ ಸೊಂಟ ಹಿಡಿದುಕೊಂಡು ಎದ್ದು ಕೂತಳು.

"ಏನ್ರೀ, ಅಜ್ಜೀನ ಕರೀರಿ. ಬೇಗ."

ಅವನು ಹೊಸ್ತಿಲು ದಾಟುವಷ್ಟರಲ್ಲಿ ಅಜ್ಜಿಯೇ ಎದುರಿಗೆ ಬಂದಳು, ಕೈಯಲ್ಲಿ ಚಿಪ್ಪು. ನಿಂಗಾಜಮ್ಮನ ಮುಖ ನೋಡಿದ್ದೇ ಚಿಪ್ಪು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೊತ್ತು ಬಂದಿದೆ. ಸಣ್ಣ, ಒಲೆ ಹಚ್ಚು, ಹಂಡೆಗೆ ನೀರು ತುಂಬು."

"ಈಗ ತಂದೆ ಅಜ್ಜಿ, ನಿನ್ನ ಮನೆಗೆ ಹೋಗಿ ಒಂದು ಕೆಂಡ..."

"ನನ್ನ ಮನೆಗಾ? ನಾನೇ ನಿನ್ನ ಮನೆಗೆ ಕೆಂಡಕ್ಕೆ ಅಂತ ಬಂದೆನಲ್ಲೋ! ನೀನೇ ಹೇಳಿದೆಯಲ್ಲ, ಆರಿಸು ಅಂತ?"

ಅವನು ತನ್ನ ಚಿಪ್ಪು ಎತ್ತಿಕೊಂಡ. ಆಮೇಲೆ ಓಡಿದ.

ಪುಟ್ಟಮಾದನ ಬಾಗಿಲು ಬಡಿದ. "ಅಣ್ಣಾ, ಕೆಂಡ!" "ನಾನು ಅಜ್ಜಿ ಮನೆಗೆ ಹೊರಟಿದ್ದೆ ಕಣೋ." ಕೆಂಚಮ್ಮನ ಬಾಗಿಲು ಬಡಿದ. "ಅಕ್ಕಾ, ಕೆಂಡ!" "ಶ್... ಮೆಲ್ಲಗೆ. ನೀನೇ ತಾನೇ ಹೇಳಿದ್ದು ಯಾರಿಗೂ ಹೇಳಬೇಡ ಅಂತ?" ಲಕ್ಕಣ್ಣನ ಬಾಗಿಲು ಬಡಿದ. ಲಕ್ಕಣ್ಣ ಚಿಪ್ಪು ಹಿಡಿದೇ ಬಾಗಿಲು ತೆರೆದ.

ನಾಲ್ವರೂ ಬೀದಿಯಲ್ಲಿ ನಿಂತರು, ಅಜ್ಜಿ ಒಳಗೆ ನಿಂಗಾಜಮ್ಮನ ಹತ್ತಿರ. ಕೈಯಲ್ಲಿ ನಾಲ್ಕು ಖಾಲಿ ಚಿಪ್ಪು, ಅಜ್ಜಿಯದು ಹೊಸ್ತಿಲ ಬಳಿ ಐದನೆಯದು. ಮುತ್ತಜ್ಜ ತಂದ ಬೆಂಕಿ ಊರಿನ ಒಂದು ಒಲೆಯಲ್ಲೂ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎಲ್ಲರೂ ಸಣ್ಣೀರಪ್ಪನ ಮುಖ ನೋಡಿದರು.

"ನನಗೆ ಮಾತ್ರ ಅಂದೆ" ಅಂದ ಪುಟ್ಟಮಾದ.

"ನನಗೆ ಮಾತ್ರ ಅಂದೆ" ಅಂದಳು ಕೆಂಚಮ್ಮ.

"ನನ್ನ ಕಿವಿ ಇನ್ನೂ ಬೆಚ್ಚಗಿದೆ" ಅಂದ ಲಕ್ಕಣ್ಣ. "ಊರಲ್ಲಿ ಉಳಿದಿರೋ ಬಿಸಿ ಅದೊಂದೇ."

ಒಳಗಿನಿಂದ ನಿಂಗಾಜಮ್ಮ ಕೂಗಿಕೊಂಡಳು. ಯಾರೂ ನಗಲಿಲ್ಲ. ಅಜ್ಜಿ ಬಾಗಿಲಿಗೆ ಬಂದು ಹೇಳಿದಳು: "ಮಾತು ಆಮೇಲೆ. ಈ ಚಳಿಯಲ್ಲಿ ಬಿಸಿನೀರು, ಬೆಂಕಿ ಇಲ್ಲದೆ ಕೂಸು ಹುಟ್ಟಿದರೆ ಅದು ನಡುಗಿ ನಡುಗಿ... ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ. ಎಲ್ಲಿಂದಲಾದರೂ ಬೆಂಕಿ ತನ್ನಿ."

ಲಕ್ಕಣ್ಣ ಎರಡು ಕಲ್ಲು ಎತ್ತಿಕೊಂಡು ಕುಟ್ಟಿದ. ಮೊದಲ ಏಟಿಗೆ ಬೆರಳು ಜಜ್ಜಿತು. ಎರಡನೇ ಏಟಿಗೆ ಇನ್ನೊಂದು ಬೆರಳು ಜಜ್ಜಿತು. ಕಲ್ಲು ಬಿಸಾಕಿದ. ಪುಟ್ಟಮಾದ ಅಂದ: "ಏರಿ ದಾಟಿ, ದಿಬ್ಬ ಹತ್ತಿ ಇಳಿದರೆ ಕುಂಬಾರ ಬೋರಣ್ಣನ ಆವಿಗೆ ಇದೆ. ಅಲ್ಲಿ ಬೆಂಕಿ ಇದ್ದೇ ಇರುತ್ತೆ. ನಾನು ಹೋಗ್ತೀನಿ."

ಸಣ್ಣೀರಪ್ಪ ಅವನ ತೋಳು ಹಿಡಿದ. "ಬೇಡಣ್ಣ. ಆರಿಸಿದವನು ನಾನು. ತರೋನೂ ನಾನೇ."

ಬರಿಗೈಯಲ್ಲಿ ಹೋಗಬಾರದು ಅಂತ ತಾನು ಹೆಣೆದ ಒಂದು ಹೊಸ ಚಾಪೆ ಸುತ್ತಿ ಬಗಲಿಗಿಟ್ಟುಕೊಂಡ. ಚಿಪ್ಪು ಹಿಡಿದ. ಏರಿ ದಾಟಿದ, ದಿಬ್ಬ ಹತ್ತಿದ, ಇಳಿದ.

ಮಡಕೆ ಸುಡುವ ಆವಿಗೆಯ ಮುಂದೆ ಬೋರಣ್ಣ ಕೂತಿದ್ದ. ಕಥೆ ಕೇಳಿದ. "ಬೆಂಕಿಗೆ ಯಾರಾದರೂ ಬೆಲೆ ತಗೊಳ್ತಾರಾ? ಚಾಪೆ ನೀನೇ ಇಟ್ಟುಕೊ" ಅಂದ. ಅಂಥಾ ಸಂಕಟದಲ್ಲೂ ಸಣ್ಣೀರಪ್ಪನಿಗೆ ಒಂದು ಚೂರು ಸಂತೋಷವಾಯಿತು: ಚಾಪೆ ಉಳಿಯಿತು!

"ಎಷ್ಟು ಕೆಂಡ ಹಾಕಲಿ?"

"ಒಂದು ಸಾಕಣ್ಣ. ಒಂದರಿಂದ ಒಲೆ ಹತ್ತಲ್ಲವಾ? ಎರಡು ಯಾಕೆ ದಂಡ?"

ಬೋರಣ್ಣ ಅವನನ್ನೊಮ್ಮೆ ನೋಡಿ ಒಂದು ಕೆಂಡ ಹಾಕಿದ. ದಿಬ್ಬ ಹತ್ತಿ ಇಳಿಯುವವರೆಗೆ ಅದು ಕೆಂಪಗಿತ್ತು. ಏರಿಯ ಮೇಲೆ ಗಾಳಿ ಬೀಸಿತು. ಕೆಂಡ ಒಮ್ಮೆ ಬೆಳ್ಳಗಾಯಿತು, ಒಮ್ಮೆ ಕಪ್ಪಗಾಯಿತು, ಸತ್ತಿತು.

ಅವನು ತಿರುಗಿ ಓಡಿದ.

"ಅಣ್ಣಾ, ಆರಿತು."

"ಒಂಟಿ ಕೆಂಡ ಬದುಕಲ್ಲ ಮಾರಾಯ. ತಗೋ, ಮೂರು ಹಾಕಿದ್ದೀನಿ. ಈ ಬೆರಣಿ ಮುರಿದು ಮುರಿದು ಹಾಕ್ತಾ ಹೋಗು."

ಬೆರಣಿ ಕೈಗೆ ಬಂದರೆ ಸಣ್ಣೀರಪ್ಪನ ಬೆರಳು ಯಾರ ಮಾತು ಕೇಳುತ್ತವೆ? ಸಾಸಿವೆಯಷ್ಟು ಮುರಿದು ಒಂದು ಚೂರು ಹಾಕಿದ. ಸ್ವಲ್ಪ ದೂರ ಹೋಗಿ ಇನ್ನೊಂದು ಚೂರು. ಮನೆ ತಲುಪುವ ಹೊತ್ತಿಗೆ ಅರ್ಧ ಬೆರಣಿ ಉಳಿಯಬೇಕು ಅಂತ ಬೆರಳುಗಳೇ ನಿರ್ಧಾರ ಮಾಡಿಬಿಟ್ಟಿದ್ದವು. ಏರಿಯ ಮೇಲೆ ಬಂದ. ಊರು ಕಂಡಿತು. ತನ್ನ ಮನೆಯ ಮಾಡೂ ಕಂಡಿತು. ಚಿಪ್ಪಿನೊಳಗೆ ನೋಡಿದ. ಬೂದಿ. ಕೈಯಲ್ಲಿ ಮುಕ್ಕಾಲು ಬೆರಣಿ ಹಾಗೇ ಇತ್ತು.

ಅಲ್ಲಿ ಅವನು ಕುಸಿದು ಕೂತ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಗಾಳಿಯ ಜೊತೆ ನಿಂಗಾಜಮ್ಮನ ಕೂಗು ಬಂತು. ಅವಳು ಯಾವತ್ತೂ ಜೋರಾಗಿ ಮಾತಾಡಿದವಳಲ್ಲ. ಕೈಯಲ್ಲಿದ್ದ ಬೆರಣಿಯನ್ನು ನೋಡಿದ. ಇದು ಉಳಿಯಿತು. ಇದನ್ನು ಇಟ್ಟುಕೊಂಡು ಏನು ಮಾಡಲಿ? ಅವಳೇ ಉಳಿಯದಿದ್ದರೆ ಯಾರಿಗೆ ನೀರು ಕಾಯಿಸಲಿ?

ಮೂರನೇ ಸಲ ಬೋರಣ್ಣನ ಮುಂದೆ ನಿಂತಾಗ ಅವನಿಗೆ ಮಾತಾಡಲೂ ಉಸಿರಿರಲಿಲ್ಲ. ಬೋರಣ್ಣ ಬೈಯಲಿಲ್ಲ. ಒಂದು ಮಡಕೆ ತೆಗೆದು, ಆವಿಗೆಯ ಕೆಂಡ ಅರ್ಧದವರೆಗೆ ತುಂಬಿ, ಇನ್ನೆರಡು ಬೆರಣಿ ಕೊಟ್ಟ. ಕೈ ಸುಡದ ಹಾಗೆ ಮಡಕೆಯ ತಳಕ್ಕೆ ಒದ್ದೆ ಗೋಣಿ ಸುತ್ತಿದ.

"ಬೆಂಕಿಗೆ ಹೊಟ್ಟೆ ತುಂಬ ಕೊಡಬೇಕಪ್ಪ. ಬಸುರಿಗೆ ಕೊಟ್ಟ ಹಾಗೆ" ಅಂದ.

ಸಣ್ಣೀರಪ್ಪ ಓಡಿದ. ಬೆರಣಿಯನ್ನು ಮುಷ್ಟಿ ಮುಷ್ಟಿ ಮುರಿದು ಹಾಕಿದ. ದಿಬ್ಬ ಹತ್ತುವಷ್ಟರಲ್ಲಿ ಬೆರಣಿ ಮುಗಿಯಿತು. ಕೆಂಡ ಮಂಕಾಯಿತು. ಸುತ್ತ ನೋಡಿದ. ಇಬ್ಬನಿಗೆ ನೆಂದ ಹುಲ್ಲು ಬಿಟ್ಟರೆ ಏನಿಲ್ಲ. ಬಗಲಲ್ಲಿ ಚಾಪೆ ಇತ್ತು.

ಅದರ ಅಂಚು ಹೆಣೆಯಲು ಅವನು ಎಷ್ಟು ಸಂಜೆ ಕೂತಿದ್ದನೋ. ಒಂದು ಕಡ್ಡಿ ಜೊಂಡನ್ನೂ ಬಿಸಾಕದ ಮನುಷ್ಯ ಅದನ್ನು ಹಲ್ಲಿನಿಂದ ಕಚ್ಚಿ ಹರಿದ. ಎಳೆಗಳನ್ನು ಹಗ್ಗದ ಹಾಗೆ ಹೊಸೆದು ಮಡಕೆಗೆ ತುರುಕಿದ. ಉರಿ ಎದ್ದಿತು. ಓಡಿದ. ಏರಿಯ ಮೇಲೆ ಚಾಪೆ ಮುಗಿಯಿತು. ತಲೆಯ ರುಮಾಲು ಬಿಚ್ಚಿದ, ಮದುವೆಯಲ್ಲಿ ಕಟ್ಟಿದ ರುಮಾಲು, ಅದನ್ನೂ ಹಾಕಿದ. ಓಡಿದ. ಹೊದ್ದಿದ್ದ ಚಾದರ ಹಾಕಿದ. ಓಡಿದ. ಅದೂ ಮುಗಿಯಿತು. ಇನ್ನೇನಿದೆ? ಉಟ್ಟ ಪಂಚೆ ಇದೆ!

ಈಗ ಗೊತ್ತಾಯಿತೇ, ಅವನು ಯಾಕೆ ಹಾಗೆ ಓಡಿ ಬರುತ್ತಿದ್ದ ಅಂತ? ಹೊಗೆಗೆ ಕಣ್ಣಲ್ಲಿ ನೀರು. ನಗು ಯಾಕೆ ಅಂತೀರಾ? ಹುಟ್ಟಿದಾಗಿನಿಂದ ಮೊದಲನೇ ಸಲ ಅವನು ಕೈ ಬಿಚ್ಚಿ ಖರ್ಚು ಮಾಡುತ್ತಿದ್ದ. ಅದು ಇಷ್ಟು ಹಗುರವಾಗಿರುತ್ತೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಬೀದಿಗೆ ಬಂದ. ಹೆಂಗಸರು ಒಂದು ಗಳಿಗೆ ಮುಖ ತಿರುಗಿಸಿದರು, ಮರುಗಳಿಗೆಗೆ ಮಡಕೆಗೆ ಕೈ ಚಾಚಿದರು. ಒಳಗಿನಿಂದ ಅಳು ಕೇಳಿಸಿತು. ನಿಂಗಾಜಮ್ಮನದಲ್ಲ. ಎಳೆಯ ಅಳು, ಬೆಕ್ಕಿನ ಮರಿಯ ಹಾಗೆ, ತೆಳ್ಳಗೆ. ಕೂಸು ಅದೇ ಆಗ ಹುಟ್ಟಿತ್ತು. ಅಜ್ಜಿ ಅದನ್ನು ಬರಿ ಎದೆಗೆ ಅವುಚಿಕೊಂಡು, ಮೇಲೆ ಇದ್ದಬದ್ದ ಕೌದಿಯೆಲ್ಲ ಹೊದ್ದು ಕೂತಿದ್ದಳು. ಕೂಸಿನ ತುಟಿ ನೀಲಿಗಟ್ಟಿತ್ತು.

"ಬೆಂಕಿ ಬಂತಾ? ಇಲ್ಲಿ ತನ್ನಿ, ಹತ್ತಿರ ತನ್ನಿ!"

ಪುಟ್ಟಮಾದ ಬೆರಣಿ ಒಟ್ಟಿಲಿಗೆ ಎರಡೂ ಕೈ ಹಾಕಿ ಬಾಚಿ ತಂದ. ಕೆಂಚಮ್ಮ ಒಲೆ ಹಚ್ಚಿದಳು. ಲಕ್ಕಣ್ಣ ಜಜ್ಜಿದ ಬೆರಳಲ್ಲೇ ಹಂಡೆ ಎತ್ತಿಟ್ಟ. ಕೋಣೆ ಬೆಚ್ಚಗಾಯಿತು. ಎಲ್ಲರೂ ಅಜ್ಜಿಯ ಮುಖವನ್ನೇ ನೋಡುತ್ತ ನಿಂತರು. ಅಜ್ಜಿ ಕೂಸಿನ ಮುಖವನ್ನೇ ನೋಡುತ್ತ ಕೂತಳು. ನೀಲಿ ಹೋಯಿತು. ಬಿಳಿ ಬಂತು. ಬಿಳಿ ಹೋಗಿ ಕೆಂಪು ಬಂತು. ಆಮೇಲೆ ಕೂಸು ಬಾಯಿ ತೆರೆದು ಅತ್ತಿತು ನೋಡಿ, ಮಾಡಿನ ಮೇಲಿದ್ದ ಕಾಗೆ ಹಾರಿಹೋಯಿತು!

"ಹೆಣ್ಣು" ಅಂದಳು ಅಜ್ಜಿ. "ಗಂಟಲು ಮಾತ್ರ ಅಪ್ಪನ ಹಾಗೆ ಹಿಡಿತದ್ದಲ್ಲ."

ಸಣ್ಣೀರಪ್ಪ ಬಾಗಿಲ ಸಂದಿಯಲ್ಲಿ, ಯಾರೋ ಕೊಟ್ಟ ಗೋಣಿ ಸುತ್ತಿಕೊಂಡು ನಿಂತಿದ್ದ. ನಿಂಗಾಜಮ್ಮ ಮಲಗಿದ್ದಲ್ಲಿಂದಲೇ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಏನ್ರೀ, ರುಮಾಲು ಎಲ್ಲಿ?"

"ಸುಟ್ಟೆ."

"ಚಾದರ?"

"ಸುಟ್ಟೆ."

"ಪಂಚೆ?"

"ಅದನ್ನೂ ಸುಟ್ಟೆ."

"ಬಗಲಲ್ಲಿ ಒಂದು ಚಾಪೆ ಇತ್ತಂತೆ?"

"ಮೊದಲು ಅದನ್ನೇ ಸುಟ್ಟೆ ನಿಂಗಾಜಿ."

ಅವಳಿಗೆ ನಗಲು ಶಕ್ತಿ ಇರಲಿಲ್ಲ. ಆದರೂ ನಕ್ಕಳು. ಹೊಟ್ಟೆ ಹಿಡಿದುಕೊಂಡು, "ಅಯ್ಯೋ ನೋಯುತ್ತೆ, ನಗಿಸಬೇಡಿ" ಅನ್ನುತ್ತಾ ನಕ್ಕಳು. ಆಮೇಲೆ ಕೈ ಚಾಚಿದಳು. ಅವನು ಹತ್ತಿರ ಹೋಗಿ ಕೂತ. ಮಸಿ ಹಿಡಿದ ಅವನ ಬೆರಳನ್ನು ಅವಳು ಕೂಸಿನ ಅಂಗೈಗೆ ಇಟ್ಟಳು. ಕೂಸು ಬಿಗಿಯಾಗಿ ಹಿಡಿದುಕೊಂಡಿತು.

ಐದು ಮನೆಗೂ ಆ ಮಡಕೆಯಿಂದಲೇ ಬೆಂಕಿ ಹೋಯಿತು. ಸಾಯಂಕಾಲ ಎಲ್ಲರೂ ಸಣ್ಣೀರಪ್ಪನ ಜಗುಲಿಯ ಮೇಲೆ ಸೇರಿದರು. ಅಜ್ಜಿ ಅಂದಳು: "ಬುದ್ಧಿ ಬಂತಲ್ಲ? ಇನ್ನು ಮುಂದೆ ಎಲ್ಲರೂ ರಾತ್ರಿ ಬೆರಣಿ ಇಟ್ಟು ಕೆಂಡ ಮುಚ್ಚಿ."

ಎಲ್ಲರೂ ತಲೆ ಆಡಿಸಿದರು. ಸಣ್ಣೀರಪ್ಪ ಎಲ್ಲರಿಗಿಂತ ಜೋರಾಗಿ ಆಡಿಸಿದ. ಆಗ ಒಳಗಿನಿಂದ ನಿಂಗಾಜಮ್ಮನ ದನಿ ಬಂತು. ದನಿ ಬಡವಾಗಿತ್ತು, ಮಾತು ಬಡವಾಗಿರಲಿಲ್ಲ.

"ಅಜ್ಜೀ, ಒಂದು ಮಾತು. ಇವರು ಹೇಳಿದ್ದರಲ್ಲಿ ಪೂರ್ತಿ ತಪ್ಪಿರಲಿಲ್ಲ. ಐದು ಮನೇಲೂ ಬೆರಣಿ ಸುಡೋದು ದಂಡವೇ. ಒಂದು ಮನೇಲಿ ಬೆಂಕಿ ಇದ್ದರೆ ಊರಿಗೆಲ್ಲ ಸಾಕು. ಆದರೆ ಇವತ್ತು ಯಾರ ಮನೇಲಿ ಅನ್ನೋದು ಎಲ್ಲರಿಗೂ ಗೊತ್ತಿರಬೇಕು. ಇವತ್ತು ನಮ್ಮನೆ, ನಾಳೆ ಪುಟ್ಟಮಾದಣ್ಣನ ಮನೆ, ಆಮೇಲೆ ಕೆಂಚಕ್ಕ, ಆಮೇಲೆ ಲಕ್ಕಣ್ಣ, ಆಮೇಲೆ ಅಜ್ಜಿ. ಸರದಿ ಮಾಡಿಕೊಳ್ಳಿ."

ಸಣ್ಣೀರಪ್ಪ ಬೆರಳು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಅವನ ಕಣ್ಣು ಅಗಲವಾಯಿತು.

"ಹಾಗಾದರೆ... ಐದು ರಾತ್ರಿಗೆ ನಮಗೆ ಒಂದೇ ಬೆರಣಿ! ನಿಂಗಾಜೀ! ಉಳಿದ ನಾಲ್ಕೂ ಉಳಿತಾಯ! ಬರೀ ನಮಗಲ್ಲ, ಎಲ್ಲರಿಗೂ!" ಸಂತೋಷ ತಡೆಯಲಾರದೆ ಎದ್ದು ನಿಂತ. ಗೋಣಿ ಜಾರಿತು. ಹಿಡಿದುಕೊಂಡ. ಪುಟ್ಟಮಾದನ ಕಿವಿಯ ಹತ್ತಿರ ಬಗ್ಗಿ, "ಅಣ್ಣಾ, ಕೇಳಿದೆಯಾ..." ಅಂತ ಶುರು ಮಾಡಿದ.

"ಕಿವಿಯಲ್ಲಿ ಬೇಡ!" ಅಂದಳು ನಿಂಗಾಜಮ್ಮ ಒಳಗಿನಿಂದ. "ಕೂಗಿ ಹೇಳಿ!"

ಅವನು ಬೀದಿಗಿಳಿದ. ಆ ಗೋಣಿಯಲ್ಲೇ ಬೀದಿಯ ಮಧ್ಯೆ ನಿಂತ. ಕೇಳಬೇಕಾದವರೆಲ್ಲ ಅವನ ಜಗುಲಿಯ ಮೇಲೇ ಕೂತಿದ್ದರು, ಆದರೂ ಕೆರೆಯ ಆಚೆ ದಡಕ್ಕೆ, ದಿಬ್ಬದ ಆಚೆಯ ಬೋರಣ್ಣನಿಗೆ ಕೇಳುವ ಹಾಗೆ ಕೂಗಿದ: "ಇವತ್ತು ಬೆಂಕಿ ನಮ್ಮ ಮನೇಲಿದೆ! ಬೇಕಾದವರು ಬನ್ನಿ!"

ಆವತ್ತಿನಿಂದ ಅದು ಆ ಊರಿನ ಪದ್ಧತಿಯಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರದಿಯ ಮನೆಯವರು ಬಾಗಿಲಿಗೆ ಬಂದು ಕೂಗಬೇಕು. ಕೂಗು ಕೇಳಿದ ಮೇಲೆಯೇ ಉಳಿದವರು ಒಲೆ ಆರಿಸಬೇಕು. ಸಾತಜ್ಜಿಯ ಸರದಿ ಬಂದಾಗ ಮಾತ್ರ ಬೆರಣಿ ಸಣ್ಣೀರಪ್ಪನ ಹಿತ್ತಲಿನಿಂದ ಹೋಗುತ್ತಿತ್ತು. ಎಷ್ಟು ಹೋಗುತ್ತಿತ್ತು ಅಂತ ಅವನು ಎಣಿಸುತ್ತಿರಲಿಲ್ಲ.

ಹೇಳಿದವನ ಗಂಟಲು ಒಣಗಿತು, ಕೇಳಿದವರ ಮನೆ ಬೆಚ್ಚಗಿರಲಿ. ಯಾವತ್ತು ನಡೆದದ್ದು ಅಂತ ಕೇಳುವವರು ಒಬ್ಬರಾದರೂ ಇದ್ದೇ ಇರುತ್ತೀರಿ, ಅದನ್ನೂ ಹೇಳಿ ಮುಗಿಸುತ್ತೇನೆ: ಪುಷ್ಯ ಮಾಸ, ಬಹುಳ ಪಂಚಮಿ, ಸೋಮವಾರ.